ಬೋಟಿನ ಬ್ಯಾಟರಿ ಬಾಳಿಕೆ ಬರಬೇಕಾದರೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಮಾಹಿತಿ ಶಿಬಿರದಲ್ಲಿ, ಜೆಟ್ಟಿಯಲ್ಲಿ ಬೋಟುಗಳ ವಯರಿಂಗ್ ಮತ್ತು ಬ್ಯಾಟರಿ ಕೆಲಸ ಮಾಡುವ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಕಾರ್ಯದರ್ಶಿಯವರು ಬಂದು, "ಬೋಟಿನ ಬ್ಯಾಟರಿ ಬಗ್ಗೆ ಅರ್ಧ ಗಂಟೆ ಹೇಳಬೇಕು, ದಿನಾ ಜೆಟ್ಟಿಯಲ್ಲಿ ಹೇಳುವುದನ್ನೇ ಇಲ್ಲಿ ಹೇಳಿದರೆ ಸಾಕು" ಅಂದರು. ಹಾಗಾದರೆ ಆಗ್ತದೆ ಅಂತ ಒಪ್ಪಿಕೊಂಡೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿ ಶುರು ಮಾಡ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಭಾವನ ಬೋಟು 24 ವೋಲ್ಟಿನದ್ದು, 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿದ್ದು. ಮಳೆಗಾಲ ಮುಗಿದು ಬೋಟು ಇಳಿಸುವಾಗ ನೋಡಿದರೆ ಒಂದು ಬ್ಯಾಟರಿ ಪೂರ್ತಿ ಹೋಗಿತ್ತು, ಇನ್ನೊಂದು ಪರವಾಗಿಲ್ಲ ಎನ್ನುವಂತಿತ್ತು. ಭಾವ ಕೇಳಿದರು, "ಎರಡೂ ಬದಲಿಸುವುದಾ?" ನಾನು, "ಬೇಡ ಭಾವ, ಒಂದೇ ಹಾಕುವ, ದುಡ್ಡು ಉಳೀತದೆ" ಅಂದೆ. ಹೊಸತೊಂದು, ಹಳತೊಂದು ಸೇರಿಸಿ ಕಟ್ಟಿದೆ. ಸಾಲದ್ದಕ್ಕೆ ವೈರ್‌ಲೆಸ್‌ಗೆ, ಲೈಟಿಗೆ, ಟೇಪಿಗೆ ಬೇಕಾದ 12 ವೋಲ್ಟನ್ನು ಆ ಹಳೆಯ ಬ್ಯಾಟರಿಯಿಂದಲೇ ಎಳೆದು ಕೊಟ್ಟೆ.

ಒಂದು ತಿಂಗಳು ಏನೂ ತೊಂದರೆ ಆಗಲಿಲ್ಲ. ಆಮೇಲೆ ಒಂದು ರಾತ್ರಿ ಲಂಗರು ಹಾಕಿ, ಎಂಜಿನ್ ನಿಲ್ಲಿಸಿ, ಲೈಟು ಉರಿಸಿಕೊಂಡು ಮಲಗಿದ್ದಾರೆ. ಬೆಳಗಿನ ಜಾವ ಗಾಳಿ ಎದ್ದಿತು, ಲಂಗರು ಜಾರಲು ಶುರುವಾಯಿತು. ಸೆಲ್ಫ್ ಹೊಡೆದರೆ "ಕಟ್, ಕಟ್" ಅಂತ ಸದ್ದು, ಅಷ್ಟೇ. ಕರೆ ಮಾಡೋಣ ಅಂದರೆ ವೈರ್‌ಲೆಸ್ಸೂ ಅದೇ ಬ್ಯಾಟರಿಯದ್ದು, ಅದೂ ಸತ್ತಿದೆ. ಮೊಬೈಲಿಗೆ ಟವರ್ ಇಲ್ಲ. ಹಿಂದಿನ ಸಣ್ಣ ಎಂಜಿನ್ನಾದರೆ ಹ್ಯಾಂಡಲ್ ತಿರುಗಿಸಿ ಎಬ್ಬಿಸಬಹುದಿತ್ತು. ಈಗಿನ ಆರು ಸಿಲಿಂಡರಿನದ್ದನ್ನು ಕೈಯಲ್ಲಿ ಎಬ್ಬಿಸಲಿಕ್ಕೆ ಆಗ್ತದಾ? ಬೆಳಕು ಹರಿಯುವವರೆಗೆ ಆರು ಜನ ಟಾರ್ಚ್ ಬೀಸುತ್ತಾ ಕೂತಿದ್ದರು. ಬೋಟು ಕಲ್ಲಿನ ಕಡೆಗೆ ಹೋಗ್ತಾ ಇತ್ತು. ಬೇರೆ ಊರಿನ ಬೋಟಿನವರು ಕಂಡು ಹಗ್ಗ ಕೊಟ್ಟು ಎಳೆದು ತಂದರು. ಬಲೆ ಬಿಟ್ಟೇ ಬರಬೇಕಾಯಿತು. ಜೀವ ಉಳಿಯಿತು, ಅದು ದೇವರ ದಯೆ.

ದಡಕ್ಕೆ ಬಂದ ಮೇಲೆ ಭಾವ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ಬ್ಯಾಟರಿಯ ದುಡ್ಡು ಉಳಿಸಲಿಕ್ಕೆ ಹೋಗಿ ಆರು ಮನೆಯ ದೀಪ ಆರಿಸುವವನಿದ್ದೆ. ಅವತ್ತಿನಿಂದ ನಾನು ಬ್ಯಾಟರಿಯನ್ನು ಬೋಟಿನ ಒಂದು ಸಾಮಾನು ಅಂತ ನೋಡುವುದು ಬಿಟ್ಟೆ. ಲಂಗರು ಹೇಗೋ, ಲೈಫ್ ಜಾಕೆಟ್ ಹೇಗೋ, ಹಾಗೇ ಅದು ಜೀವ ಕಾಯುವ ವಸ್ತು.

ಬ್ಯಾಟರಿ ಸಾಯುವುದು ಎಲ್ಲಿ?

ಎಲ್ಲರೂ ಹೇಳುವುದು, "ಕಡಲಲ್ಲಿ ಬ್ಯಾಟರಿ ಕೈ ಕೊಟ್ಟಿತು" ಅಂತ. ನಾನು ಹೇಳುವುದು, ಬ್ಯಾಟರಿ ಕಡಲಲ್ಲಿ ಸಾಯುವುದು ಕಡಿಮೆ. ಅದು ಸಾಯುವುದು ಮಳೆಗಾಲದಲ್ಲಿ, ದಡದಲ್ಲಿ. ನಮಗೆ ಗೊತ್ತಾಗುವುದು ಮಾತ್ರ ಕಡಲಿಗೆ ಹೋದ ಮೇಲೆ.

ಯಾಕೆಂದರೆ, ನಮ್ಮ ಬೋಟುಗಳಲ್ಲಿ ಹೆಚ್ಚಾಗಿ ಇರುವುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಎಂಬವರು ಕಂಡುಹಿಡಿದದ್ದು, ಇವತ್ತಿಗೂ ನಡೀತಾ ಉಂಟು. ಕರೆಂಟು ಖರ್ಚಾದ ಹಾಗೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಎಂಬ ಬಿಳಿ ಪದರ ಕೂರ್ತದೆ. ಚಾರ್ಜ್ ಮಾಡಿದರೆ ಅದು ಕರಗಿ ಮತ್ತೆ ಆಸಿಡ್‌ಗೆ ಸೇರ್ತದೆ. ಆದರೆ ಅರೆ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟರೆ ಆ ಪದರ ಗಟ್ಟಿಯಾಗ್ತದೆ, ಉಪ್ಪಿನ ಹರಳು ಕಟ್ಟಿದ ಹಾಗೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ.

ನಮ್ಮಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಕೊನೆಯ ಟ್ರಿಪ್ಪು ಮುಗಿಸಿ ಬಂದು, ಬೋಟು ಕಟ್ಟಿ, ಬಲೆ ಮನೆಗೆ ಸಾಗಿಸ್ತೇವೆ. ಎಂಜಿನ್‌ಗೆ ಆಯಿಲ್ ಹಾಕ್ತೇವೆ. ಬ್ಯಾಟರಿ ಮಾತ್ರ ಅಲ್ಲೇ, ಅರ್ಧ ಚಾರ್ಜಿನಲ್ಲಿ, ಕ್ಲಾಂಪ್ ಹಾಕಿದ ಹಾಗೇ ಎರಡು ತಿಂಗಳು ಕೂತಿರ್ತದೆ. ಸುಮ್ಮನೆ ಇಟ್ಟ ಬ್ಯಾಟರಿಯೂ ತನ್ನಷ್ಟಕ್ಕೆ ಇಳೀತದೆ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ಪೂಜೆ ಮಾಡ್ತೇವೆ, ಒಳ್ಳೆಯದು. ಆದರೆ ಸತ್ತ ಬ್ಯಾಟರಿ ಇಟ್ಟುಕೊಂಡು ಅಳಿವೆ ದಾಟಿದರೆ ಸಮುದ್ರರಾಜನಾದರೂ ಎಂತ ಮಾಡುವುದು ಮಾರಾಯ್ರೆ?

ಕೊಳ್ಳುವಾಗ ನೋಡಬೇಕಾದದ್ದು

ಬೋಟಿನಲ್ಲಿ ಬ್ಯಾಟರಿಗೆ ಎರಡು ಬೇರೆ ಬೇರೆ ಕೆಲಸ. ಒಂದು, ಎಂಜಿನ್ ಎಬ್ಬಿಸುವುದು. ಅದಕ್ಕೆ ಕೆಲವೇ ಸೆಕೆಂಡು ದೊಡ್ಡ ಕರೆಂಟು ಬೇಕು. ಲಾರಿಗೆ ಹಾಕುವ ತರಹದ, ತೆಳು ಪ್ಲೇಟುಗಳು ಹೆಚ್ಚು ಇರುವ ಬ್ಯಾಟರಿ ಇದಕ್ಕೆ ಸರಿ. ಎರಡು, ರಾತ್ರಿಯಿಡೀ ಲೈಟು, ಜಿಪಿಎಸ್, ಮೀನು ನೋಡುವ ಮೆಷಿನ್ನು, ವೈರ್‌ಲೆಸ್ ನಡೆಸುವುದು. ಅದಕ್ಕೆ ಸಣ್ಣ ಕರೆಂಟು, ಆದರೆ ತುಂಬಾ ಹೊತ್ತು. ಇದಕ್ಕೆ ದಪ್ಪ ಪ್ಲೇಟಿನ ಅಥವಾ ಟ್ಯೂಬುಲರ್ ಬ್ಯಾಟರಿ ಬೇಕು. ಓಟದ ಎತ್ತನ್ನು ಗದ್ದೆ ಉಳಲಿಕ್ಕೆ ಕಟ್ಟಿದರೆ ಹೇಗೋ, ಲಾರಿ ಬ್ಯಾಟರಿಯಲ್ಲಿ ರಾತ್ರಿಯಿಡೀ ಲೈಟು ಉರಿಸುವುದು ಹಾಗೆ. ಕೆಲವು ಸಲ ಪೂರ್ತಿ ಇಳಿಸಿದರೆ ಸಾಕು, ಅದು ಹಾಳಾಗ್ತದೆ.

ಆದ್ದರಿಂದ ನನ್ನ ಮೊದಲ ಮಾತು: ಸೆಲ್ಫ್‌ಗೆ ಬೇರೆ ಬ್ಯಾಟರಿ, ಲೈಟು ಮತ್ತು ಉಪಕರಣಗಳಿಗೆ ಬೇರೆ ಬ್ಯಾಟರಿ. ನಡುವೆ ಒಂದು ಬದಲಾವಣೆ ಸ್ವಿಚ್ಚು. ಲೈಟಿನ ಬ್ಯಾಟರಿ ಇಳಿದರೂ ಎಂಜಿನ್ ಏಳಬೇಕು. ಎಂಜಿನ್ ಎದ್ದರೆ ಎಲ್ಲವೂ ಎದ್ದ ಹಾಗೆ.

ಎಷ್ಟು ದೊಡ್ಡ ಬ್ಯಾಟರಿ ಬೇಕು ಅಂತ ಅಂಗಡಿಯವರನ್ನು ಕೇಳುವ ಮೊದಲು ನಾವೇ ಲೆಕ್ಕ ಹಾಕಬಹುದು. ಒಂದು ಉದಾಹರಣೆ ಹೇಳ್ತೇನೆ, 12 ವೋಲ್ಟಿನ ಬೋಟಿಗೆ. 10 ವಾಟಿನ ಮೂರು ಎಲ್‌ಇಡಿ ಲೈಟು, ಒಟ್ಟು 30 ವಾಟ್. 12ರಿಂದ ಭಾಗಿಸಿದರೆ ಎರಡೂವರೆ ಆಂಪಿಯರ್. ನ್ಯಾವಿಗೇಶನ್ ಲೈಟಿಗೆ 2 ಆಂಪಿಯರ್. ಮೀನು ನೋಡುವ ಮೆಷಿನ್ನಿಗೆ 1. ವೈರ್‌ಲೆಸ್ ಬರೇ ಕೇಳುತ್ತಾ ಇದ್ದರೆ ಅರ್ಧ. ಒಟ್ಟು 6 ಆಂಪಿಯರ್. ರಾತ್ರಿ 10 ಗಂಟೆ ಅಂದರೆ 60 ಆಂಪಿಯರ್ ಅವರ್. ವೈರ್‌ಲೆಸ್‌ನಲ್ಲಿ ನಾವು ಮಾತಾಡುವಾಗ 5-6 ಆಂಪಿಯರ್ ಎಳೀತದೆ, ಆದರೆ ಅದು ನಿಮಿಷಗಳ ಲೆಕ್ಕ.

ಹಾಗಾದರೆ 60ರ ಬ್ಯಾಟರಿ ಸಾಕಾ? ಸಾಲದು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅರ್ಧದಲ್ಲೇ ನಿಲ್ಲಿಸಿದರೆ ವರ್ಷಗಟ್ಟಲೆ ಬಾಳ್ತದೆ, ದಿನಾ ತಳ ಕಂಡರೆ ಬೇಗ ಮುಗೀತದೆ. ಹಾಗಾಗಿ 60ರ ಎರಡು ಪಾಲು, 120 ಆಂಪಿಯರ್ ಅವರ್ ಬೇಕು. ನಿಮ್ಮ ಬೋಟಿನಲ್ಲಿ ಉಪಕರಣದ ಹಿಂದೆ ಬರೆದ ವಾಟ್ ನೋಡಿ ಮನೆಯ ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿ.

ಅಂಗಡಿಯಲ್ಲಿ ಇನ್ನು ನಾಲ್ಕು ವಿಷಯ ಗಮನಿಸಬೇಕು. ಒಂದು, ತಯಾರಾದ ತಿಂಗಳು ಕೇಳಿ. ಆರು ತಿಂಗಳು ಚಾರ್ಜಿಲ್ಲದೆ ಅಂಗಡಿಯಲ್ಲಿ ಕೂತದ್ದು ಹೊಸತಾದರೂ ಹಳತೇ. ಎರಡು, 24 ವೋಲ್ಟಿನವರು ಜೋಡಿಯಾಗಿ ಕೊಳ್ಳಿ. ಒಂದೇ ಕಂಪೆನಿ, ಒಂದೇ ಸೈಜು, ಒಂದೇ ತಿಂಗಳಿನದ್ದು. ಹಳತು ಹೊಸತನ್ನು ಕೆಡಿಸ್ತದೆ, ಇದನ್ನು ನಾನು ಹೇಗೆ ಕಲಿತೆ ಅಂತ ಆಗಲೇ ಹೇಳಿದೆ. ಮೂರು, ತೂಕ ನೋಡಿ. ಒಂದೇ ಸೈಜಿನ ಎರಡು ಸೀಸದ ಬ್ಯಾಟರಿಯಲ್ಲಿ ಭಾರ ಇದ್ದದ್ದರಲ್ಲಿ ಸಾಮಾನ್ಯವಾಗಿ ಸೀಸ ಹೆಚ್ಚು. ನಾಲ್ಕು, ಬಿಲ್ಲು ಮತ್ತು ವಾರಂಟಿ ಕಾರ್ಡಿಗೆ ಅಲ್ಲೇ ಸೀಲು ತಾರೀಕು ಹಾಕಿಸಿ. ಬೋಟಿನ ಕ್ಯಾಬಿನ್ನಿನಲ್ಲಿ ಒದ್ದೆಯಾದ ಕಾರ್ಡು ಯಾವ ಕೆಲಸಕ್ಕೂ ಬರುವುದಿಲ್ಲ.

ನೀರು ಹಾಕಬೇಕಿಲ್ಲದ ಮುಚ್ಚಿದ ಬ್ಯಾಟರಿ ಕೂಡ ಉಂಟು. ಬೋಟು ಅಲುಗಾಡಿದರೂ ಆಸಿಡ್ ಚೆಲ್ಲುವುದಿಲ್ಲ, ಅದು ಅನುಕೂಲ. ಆದರೆ ಚಾರ್ಜ್ ಜಾಸ್ತಿಯಾಗಿ ಒಳಗೆ ನೀರು ಆರಿದರೆ ಮತ್ತೆ ತುಂಬಿಸಲಿಕ್ಕೆ ಬರುವುದಿಲ್ಲ.

ಈಗ ಯುವಕರು ಲಿಥಿಯಂ ಬ್ಯಾಟರಿ ಬಗ್ಗೆ ಕೇಳ್ತಾರೆ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿಯದ್ದು ನಿಜವಾಗಿ ಒಳ್ಳೆಯದು. ಭಾರ ಅರ್ಧಕ್ಕಿಂತ ಕಡಿಮೆ, ಆಳಕ್ಕೆ ಇಳಿಸಿದರೂ ತಡೀತದೆ, ಎರಡು ಸಾವಿರಕ್ಕೂ ಹೆಚ್ಚು ಸಲ ಇಳಿಸಿ ತುಂಬಿಸಬಹುದು ಅಂತ ತಯಾರಕರು ಹೇಳ್ತಾರೆ. ಬೆಲೆ ಜಾಸ್ತಿ. ಅದರೊಳಗೆ ಒಂದು ರಕ್ಷಣಾ ಸರ್ಕ್ಯೂಟ್ ಇರ್ತದೆ. ಏನಾದರೂ ಹೆಚ್ಚು ಕಡಿಮೆಯಾದರೆ ಫಕ್ಕನೆ ಕರೆಂಟು ಕಡಿದು ಬಿಡ್ತದೆ. ಎಂಜಿನ್ ಓಡುವಾಗ ಹಾಗೆ ಕಡಿದರೆ ಆಲ್ಟರ್ನೇಟರಿನ ಡಯೋಡ್ ಸುಡಬಹುದು. ಸೀಸದ ಬ್ಯಾಟರಿಯ ಜತೆ ನೇರ ಸೇರಿಸಿ ಕಟ್ಟಲೂ ಬಾರದು. ಹಾಕುವುದಾದರೆ ಲೈಟು ಉಪಕರಣಕ್ಕೆ ಮಾತ್ರ ಹಾಕಿ, ಅದಕ್ಕೆ ಹೊಂದುವ ಚಾರ್ಜರ್ ಸಮೇತ. ಸೆಲ್ಫ್‌ಗೆ ಸೀಸದ್ದೇ ಇರಲಿ.

ಕೂರಿಸುವ ಜಾಗ

ಬ್ಯಾಟರಿಗೆ ಮೂರು ಶತ್ರು: ಶಾಖ, ಅಲುಗಾಟ, ಉಪ್ಪುನೀರು. ಬೋಟಿನಲ್ಲಿ ಈ ಮೂರೂ ಉಂಟು.

25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿ ಶಾಖ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧ ಆಗ್ತದೆ. ಆದ್ದರಿಂದ ಎಂಜಿನ್ನಿನ ಸೈಲೆನ್ಸರ್ ಪಕ್ಕ ಇಡಬೇಡಿ. ತಳದ ನೀರು ಮುಟ್ಟದ ಎತ್ತರದಲ್ಲಿ, ಆಸಿಡ್ ತಿನ್ನದ ಫೈಬರ್ ಅಥವಾ ಪ್ಲಾಸ್ಟಿಕ್ ತಟ್ಟೆಯ ಮೇಲೆ ಇಟ್ಟು, ಬೆಲ್ಟು ಹಾಕಿ ಬಿಗಿಯಿರಿ. ಕೈಯಲ್ಲಿ ಅಲುಗಿಸಿದರೆ ಒಂದಿಷ್ಟೂ ಅಲುಗಬಾರದು. ಅಳಿವೆಯ ಅಲೆಯಲ್ಲಿ ಬೋಟು ಕುಕ್ಕುವಾಗ ಒಳಗಿನ ಪ್ಲೇಟು ಉದುರುವುದು ಹೀಗೆ ಸಡಿಲ ಇಟ್ಟ ಬ್ಯಾಟರಿಯಲ್ಲೇ.

ಚಾರ್ಜ್ ಆಗುವಾಗ ಜಲಜನಕ ಬರ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು, ಸಿಡೀತದೆ. ಪೆಟ್ಟಿಗೆಗೆ ಗಾಳಿಯಾಡುವ ಕಿಂಡಿ ಮೇಲ್ಭಾಗದಲ್ಲಿ ಇರಲಿ. ಬ್ಯಾಟರಿ ಹತ್ತಿರ ಬೀಡಿ ಹಚ್ಚುವವರನ್ನು ದೂರ ಕಳಿಸಿ, ಅದು ತಾಂಡೇಲನೇ ಆದರೂ ಸರಿ. ಉಪ್ಪುನೀರು ಬ್ಯಾಟರಿಯ ಒಳಗೆ ಹೋದರೆ ಇನ್ನೂ ಕಷ್ಟ. ಚಾರ್ಜ್ ಆಗುವಾಗ ಅದರಿಂದ ಕ್ಲೋರಿನ್ ಎಂಬ ವಿಷಗಾಳಿ ಏಳ್ತದೆ. ಎಂಜಿನ್ ರೂಮಿನಲ್ಲಿ ಖಾರ ವಾಸನೆ ಬಂದು ಕಣ್ಣು ಉರಿದರೆ ಮೊದಲು ಹೊರಗೆ ಬನ್ನಿ, ಆಮೇಲೆ ಬೇರೆ ವಿಚಾರ.

24 ವೋಲ್ಟಿನ ಬೋಟಿನವರಿಗೆ ಮತ್ತೊಮ್ಮೆ ಹೇಳ್ತೇನೆ. ವೈರ್‌ಲೆಸ್‌ಗೆ 12 ವೋಲ್ಟ್ ಬೇಕು ಅಂತ ಎರಡರಲ್ಲಿ ಒಂದು ಬ್ಯಾಟರಿಗೆ ವಯರು ಸಿಕ್ಕಿಸಬೇಡಿ. ಆ ಒಂದು ಯಾವಾಗಲೂ ಅರೆಹೊಟ್ಟೆಯಲ್ಲಿ ಇರ್ತದೆ, ಇನ್ನೊಂದು ಅತಿಯಾಗಿ ಕುದೀತದೆ, ಎರಡೂ ಹೋಗ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗ್ತದೆ, ಅದನ್ನು ಹಾಕಿಸಿ. ಇಲ್ಲವಾದರೆ ವೈರ್‌ಲೆಸ್‌ಗೆ 12 ವೋಲ್ಟಿನ ಒಂದು ಪ್ರತ್ಯೇಕ ಬ್ಯಾಟರಿ ಇಡಿ. ಕಷ್ಟ ಬಂದಾಗ ವಿ.ಎಚ್.ಎಫ್. 16ನೇ ಚಾನೆಲ್ಲಿನಲ್ಲಿ ಕರೆಯಬೇಕಾದವರು ನಾವೇ. ಟವರ್ ಸಿಕ್ಕಿದರೆ ಕೋಸ್ಟ್ ಗಾರ್ಡಿನ ನಂಬರು 1554. ಆದರೆ ಬ್ಯಾಟರಿ ಸತ್ತ ವೈರ್‌ಲೆಸ್ಸು ಬರೇ ಡಬ್ಬ.

ವಾರಕ್ಕೊಮ್ಮೆ ಹತ್ತು ನಿಮಿಷ

ವಾರಕ್ಕೊಂದು ಸಲ, ಅಥವಾ ಪ್ರತಿ ಟ್ರಿಪ್ಪು ಮುಗಿದ ಕೂಡಲೆ, ಈ ಕೆಲಸ ಮಾಡಿ.

ನೀರು ನೋಡಿ. ಪ್ಲೇಟು ಯಾವತ್ತೂ ಮುಳುಗಿರಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಕಡಲ ಬದಿಯ ಬಾವಿ ನೀರಿನಲ್ಲಿ ಉಪ್ಪು ಉಂಟು, ಐಸು ಕರಗಿದ ನೀರೂ ಆಗದು. ಆಸಿಡ್ ಸುರಿಯಬೇಡಿ, ಆರಿ ಹೋಗುವುದು ನೀರು ಮಾತ್ರ, ಆಸಿಡ್ ಅಲ್ಲ. ಪ್ಲೇಟು ಮುಳುಗಿದ್ದರೆ ಚಾರ್ಜ್ ಆದ ಮೇಲೆ ನೀರು ಹಾಕಿ. ಮೊದಲೇ ಗುರುತಿನವರೆಗೆ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಬರ್ತದೆ.

ಟರ್ಮಿನಲ್ಲು ನೋಡಿ. ಬಿಳಿ, ಹಸಿರು ಹಿಟ್ಟಿನಂತದ್ದು ಕೂತಿದ್ದರೆ ಅಡಿಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆಯಿರಿ. ಮುಚ್ಚಳಗಳು ಬಿಗಿ ಇರಲಿ, ಆ ನೀರು ಒಳಗೆ ಹೋಗಬಾರದು. ಒರಸಿ, ಕ್ಲಾಂಪ್ ಬಿಗಿದು, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಎಷ್ಟೋ ಬೋಟಿನಲ್ಲಿ ಬ್ಯಾಟರಿ ಹೋಗಿದೆ ಅಂತ ನನ್ನನ್ನು ಕರೀತಾರೆ. ಹೋಗಿ ನೋಡಿದರೆ ಕ್ಲಾಂಪು ಸಡಿಲ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಇದೊಂದು ನೆನಪಿಟ್ಟರೆ ಸ್ಪ್ಯಾನರ್ ತಾಗಿ ಕಿಡಿ ಹಾರುವುದು ತಪ್ತದೆ.

ವೋಲ್ಟ್ ನೋಡಿ. ಒಂದು ಸಣ್ಣ ಮೀಟರ್ ಸಾಕು. ಎಂಜಿನ್ ನಿಲ್ಲಿಸಿ, ಲೈಟು ಆರಿಸಿ, ಕೆಲವು ಗಂಟೆ ಬಿಟ್ಟು ನೋಡಬೇಕು. 12.7 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ, ಚಾರ್ಜ್ ಮಾಡಲೇಬೇಕು. 12ಕ್ಕಿಂತ ಕಡಿಮೆ ಅಂದರೆ ಹೊಟ್ಟೆ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ತೋರಿಸಬೇಕು. 24 ವೋಲ್ಟಿನವರಿಗೆ ಇದರ ಎರಡು ಪಾಲು. ಅದಕ್ಕಿಂತ ಕಡಿಮೆ ಇದ್ದರೆ ಆಲ್ಟರ್ನೇಟರ್ ಬೆಲ್ಟು ನೋಡಿ. 14.8 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯನ್ನು ಕುದಿಸ್ತಾ ಉಂಟು.

ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ತುಂಬಿದ ಬ್ಯಾಟರಿಯಲ್ಲಿ ಜಾತಿಗೆ ತಕ್ಕಂತೆ 1.240ರಿಂದ 1.280ರವರೆಗೆ ತೋರಿಸ್ತದೆ. ಆರು ಸೆಲ್ಲನ್ನೂ ನೋಡಿ. ಐದು ಸರಿ ಇದ್ದು ಒಂದು ಮಾತ್ರ 50 ಅಂಕ ಕೆಳಗೆ, ಅಂದರೆ 1.250ರ ಜತೆ ಒಂದು 1.200 ಇದ್ದರೆ, ಪೂರ್ತಿ ಚಾರ್ಜ್ ಮಾಡಿ ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಆ ಸೆಲ್ಲು ಹೋಗಿದೆ. ಇವತ್ತು ಎಂಜಿನ್ ಎದ್ದರೂ ಆ ಬ್ಯಾಟರಿಯನ್ನು ನಂಬಿ ಅಳಿವೆ ದಾಟಬೇಡಿ.

ಮಳೆಗಾಲದ ಎರಡು ತಿಂಗಳು

ಇದು ಎಲ್ಲಕ್ಕಿಂತ ಮುಖ್ಯ. ಮೇ ಕೊನೆಗೆ ಬೋಟು ಕಟ್ಟಿದ ದಿನವೇ ಬ್ಯಾಟರಿ ಬಿಚ್ಚಿ ದಡಕ್ಕೆ ತನ್ನಿ. ತೊಳೆದು ಒರಸಿ ಪೂರ್ತಿ ಚಾರ್ಜ್ ಮಾಡಿ. ಸಾಮರ್ಥ್ಯದ ಹತ್ತನೇ ಒಂದು ಪಾಲು ಕರೆಂಟು ಸಾಕು; 120ರದ್ದಕ್ಕೆ 12 ಆಂಪಿಯರ್. ಗಂಟೆಗೊಮ್ಮೆಯಂತೆ ಮೂರು ಸಲ ನೋಡಿದರೂ ಹೈಡ್ರೋಮೀಟರ್ ಮೇಲೇರದಿದ್ದರೆ ತುಂಬಿತು ಅಂತ ಅರ್ಥ. ಹುರಿಯಬೇಡಿ, ಅವಸರ ಬೇಡ.

ಆಮೇಲೆ ಒಣಗಿದ, ಗಾಳಿಯಾಡುವ ಜಾಗದಲ್ಲಿ ಹಲಗೆಯ ಮೇಲೆ ಇಡಿ. ಸಿಮೆಂಟು ನೆಲ ಬ್ಯಾಟರಿಯ ಕರೆಂಟು ಹೀರ್ತದೆ ಅಂತ ಹಿರಿಯರು ಹೇಳುವುದುಂಟು. ಈಗಿನ ಪ್ಲಾಸ್ಟಿಕ್ ಡಬ್ಬದ ಬ್ಯಾಟರಿಗೆ ಆ ಭಯ ಇಲ್ಲ. ಆದರೂ ನಮ್ಮ ಮಳೆಗಾಲದ ನೆಲದ ತೇವಕ್ಕೆ ಹಲಗೆ ಒಳ್ಳೆಯದೇ. ಮಕ್ಕಳ ಕೈಗೆ ಸಿಗಬಾರದು, ಒಲೆ ಹತ್ತಿರ ಬೇಡ. ಜುಲೈ ಮೊದಲ ವಾರ ಒಮ್ಮೆ ಚಾರ್ಜ್, ಬೋಟು ಇಳಿಸುವ ಮೊದಲು ಇನ್ನೊಮ್ಮೆ. ಎರಡು ತಿಂಗಳಲ್ಲಿ ಒಟ್ಟು ಮೂರೇ ಸಲ. ಇಷ್ಟು ಮಾಡಿದರೆ ಒಂದು ವರ್ಷಕ್ಕೆ ಹೋಗುವ ಬ್ಯಾಟರಿ ಮೂರು ವರ್ಷ ಬಂದದ್ದನ್ನು ನಾನು ಕಂಡಿದ್ದೇನೆ.

ಸಂಘಕ್ಕೆ ಒಂದು ಬಿನ್ನಹ

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಎಷ್ಟೋ ಮಂದಿ ಸಂಘದಿಂದಲೇ ಸಾಲ ತೆಗೆದು ಬ್ಯಾಟರಿ ಹಾಕಿಸಿದ್ದಾರೆ. ಸಾಲದ ಕಂತು ಮುಗಿಯುವ ಮೊದಲೇ ಬ್ಯಾಟರಿ ಮುಗಿದರೆ ಅದು ಸದಸ್ಯನಿಗೂ ನಷ್ಟ, ಸಂಘಕ್ಕೂ ನಷ್ಟ. ಮಳೆಗಾಲದಲ್ಲಿ ಮನೆಯಲ್ಲಿ ಚಾರ್ಜ್ ಮಾಡೋಣ ಅಂದರೆ ಎಲ್ಲರ ಹತ್ತಿರ ಚಾರ್ಜರ್ ಇಲ್ಲ, ಜಾಗವೂ ಇಲ್ಲ. ಆದ್ದರಿಂದ ಆಡಳಿತ ಮಂಡಳಿಯವರು ಯೋಚಿಸಬೇಕು. ಸಂಘದ ಗೋದಾಮಿನ ಒಂದು ಮೂಲೆ, ಎರಡು ಚಾರ್ಜರ್, ಒಂದು ಹೈಡ್ರೋಮೀಟರ್, ಮರದ ಹಲಗೆಗಳು, ಒಂದು ನೋಟ್‌ಬುಕ್. ಪ್ರತಿ ಬ್ಯಾಟರಿಗೆ ಬೋಟಿನ ಹೆಸರು ಬರೆದ ಚೀಟಿ. ವಾರಂಟಿ ಕಾರ್ಡುಗಳು ಸಂಘದ ಕಪಾಟಿನಲ್ಲಿ. ಚಾರ್ಜ್ ಮಾಡುವ ಕೆಲಸ ಈ ವರ್ಷ ನಾನು ಮಾಡಿಕೊಡ್ತೇನೆ, ಸಂಬಳ ಬೇಡ. ಭಾವನ ಬೋಟಿನ ಸಾಲ ನನ್ನ ಮೇಲೆ ಇನ್ನೂ ಉಂಟು ಅಂತ ತಿಳಿದುಕೊಳ್ಳಿ.

ಹಳೆಯ ಬ್ಯಾಟರಿಯ ಆಸಿಡ್ಡನ್ನು ಹೊಳೆಗೆ, ಜೆಟ್ಟಿಯ ನೀರಿಗೆ ಚೆಲ್ಲಬೇಡಿ. ಸೀಸ ವಿಷ, ಮಕ್ಕಳಿಗೆ ಇನ್ನೂ ಹೆಚ್ಚು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳತನ್ನು ಸರಿಯಾಗಿ ಮರಳಿಸಬೇಕು. ಹೊಸತು ಕೊಳ್ಳುವಾಗ ಹಳತನ್ನು ಅಂಗಡಿಗೇ ಕೊಟ್ಟರೆ ಬೆಲೆಯಲ್ಲೂ ಕಡಿಮೆ ಆಗ್ತದೆ.

ಇಲ್ಲಿ ಕೂತ ತಾಯಂದಿರಿಗೂ ಒಂದು ಮಾತು. ಬೋಟು ಹೊರಡುವ ಮುಂಚೆ ಅಕ್ಕಿ ಹಾಕಿದಿರಾ, ನೀರು ತುಂಬಿಸಿದಿರಾ ಅಂತ ನೀವು ಕೇಳ್ತೀರಿ. ಇನ್ನು ಮೇಲೆ "ಬ್ಯಾಟರಿ ನೋಡಿದಿರಾ?" ಅಂತಲೂ ಒಮ್ಮೆ ಕೇಳಿ. ನಾವು ಮರೆಯಬಹುದು, ದಡದಲ್ಲಿ ಕಾಯುವವರು ಮರೆಯುವುದಿಲ್ಲ.

 ಸಂಘ ಇನ್ನೂ ಬೆಳೆಯಲಿ, ಹೋದ ಬೋಟುಗಳೆಲ್ಲ ಸುಖವಾಗಿ ಅಳಿವೆ ದಾಟಿ ಒಳಗೆ ಬರಲಿ.

ಜೈ ಸಹಕಾರ.